ಅಪ್ಪ ಒರೆಸಿದ ಕೆಂಪು ಗುರುತು

ಇರ್ರಿ, ಎದ್ದು ಹೋಗಬ್ಯಾಡ್ರಿ. ಕ್ಯಾಮ್ ಟೈಮಿಂಗ್ ಅಂದ ತಕ್ಷಣ ಬರೀ ಸ್ಪ್ಯಾನರ್ ಪುರಾಣ ಅನ್ಕಬ್ಯಾಡ್ರಿ, ಇದರಾಗೆ ನಮ್ಮಪ್ಪ ಅದಾನೆ, ಕುರಿಗೆ ಹಚ್ಚೋ ಕೆಂಪು ಬಣ್ಣ ಐತೆ. ಆ ಬಣ್ಣ ಎಲ್ಲಿ ಹೋತು ಅಂತ ಹೇಳೋ ತನಕ ಕಾಯ್ರಿ.

ನಮ್ಮದು ಯಲ್ಲದಕೆರೆ ಕಡೆ. ಮನೇಲಿ ಕುರಿ ಅವೆ, ಅಪ್ಪನ ಹಳೇ ನೂರು ಸಿಸಿ ಗಾಡಿ ಐತೆ. ಮಂದೆ ಎಲ್ಲಿ ಮೇಯ್ತಿರುತ್ತೋ ಅಲ್ಲಿಗೆ ಅಪ್ಪ ಹೋಗೋದು ಅದರ ಮ್ಯಾಲೇ. ನಾನು ಯಾವ ಕೋರ್ಸೂ ಮಾಡಿದೋಳಲ್ಲ. ಮೊಬೈಲಲ್ಲಿ ವಿಡಿಯೋ ನೋಡಿ, ಹಿರಿಯೂರಲ್ಲಿ ಒಂದು ಗ್ಯಾರೇಜಿನ ಮುಂದೆ ನಿಂತು ನೋಡಿ ಕಲಿತೋಳು. ಒಂದ್ಸಲ ಚಿಕ್ಕಪ್ಪನ ಗಾಡಿ ಕಾರ್ಬುರೇಟರ್ ತೊಳೆದು ಕೊಟ್ಟಿದ್ದೆ, ಅಷ್ಟಕ್ಕೇ ದೊಡ್ಡ ಮೆಕ್ಯಾನಿಕ್ ಆಗಿಬಿಟ್ಟಿದ್ದೆ.

ಅಪ್ಪನ ಗಾಡಿ ಆಯಿಲ್ ಕುಡಿಯಾಕೆ ಶುರು ಮಾಡ್ತು. ಹಿಂದಿಂದ ನೀಲಿ ಹೊಗೆ. "ಸೊಳ್ಳೆ ಓಡಿಸಾಕೆ ಚೆನ್ನಾಗೈತೆ" ಅಂತ ಅವ್ವ ನಗಾಡ್ತಿದ್ಲು. ನಾನೂ ಬಾಯಿಗೆ ಬಂದಂಗೆ, "ಗುಜರಿಗೆ ಹಾಕಪ್ಪಾ, ಹೊಸದು ತಗಳಾಣ" ಅಂದೆ. ಅಪ್ಪ ಟ್ಯಾಂಕ್ ಮ್ಯಾಲಿನ ಧೂಳು ಒರೆಸಿ ಒಳಗೆ ಹೋದ.

ವಾರ ಬಿಟ್ಟು, ನಾನೇ ಇಂಜಿನ್ ಬಿಚ್ತೀನಿ ಅಂತ ಕುಂತೆ. ಯಾಕೆ ಅಂತ ಅಪ್ಪಂಗೆ ಬಿಡಿಸಿ ಹೇಳಲಿಲ್ಲ, ಅಪ್ಪ ಮಂದೆ ಕಡೆ ನಡೆದ.

ಇಲ್ಲಿ ಸ್ವಲ್ಪ ಕೇಳ್ರಿ. ಇಂಜಿನ್ ಒಳಗೆ ಪಿಸ್ಟನ್ ಮ್ಯಾಲೆ ಕೆಳಗೆ ಆಡ್ತಿರುತ್ತೆ. ಅದರ ನೆತ್ತಿ ಮ್ಯಾಲೆ ಎರಡು ವಾಲ್ವ್, ಪೆಟ್ರೋಲ್ ಗಾಳಿ ಒಳಗೆ ಬಿಡಾಕೊಂದು, ಹೊಗೆ ಹೊರಗೆ ಬಿಡಾಕೊಂದು. ಅವನ್ನ ಹೊತ್ತಿಗೆ ಸರಿಯಾಗಿ ಒತ್ತೋದು ಕ್ಯಾಮ್. ಕ್ಯಾಮಿನ ತುದೀಲಿ ಒಂದು ಹಲ್ಲಿನ ಚಕ್ರ, ಅದಕ್ಕೊಂದು ಸಣ್ಣ ಚೈನು. ಆ ಚೈನು ಒಂದೇ ಒಂದು ಹಲ್ಲು ಆಚೆ ಈಚೆ ಕುಂತ್ರೂ ಗಾಡೀಗೆ ದಮ್ಮು ಇರಲ್ಲ. ಜಾಸ್ತಿ ತಪ್ಪಿದ್ರೆ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತೆ, ಕಥೆ ಮುಗೀತು.

ಅದಕ್ಕೆ ಬಿಚ್ಚೋ ಮುಂಚೆ ಇಂಜಿನ್ ಕೆಳಗೆ ಪಕ್ಕದಲ್ಲಿರೋ ಮ್ಯಾಗ್ನೆಟ್ ತಿರುಗಿಸಿ, ಅದರ ಮ್ಯಾಲಿನ 'ಟಿ' ಗೆರೆ ಇಂಜಿನ್ ಮೈಮ್ಯಾಲಿನ ಗುರುತಿಗೆ ಸರಿಯಾಗಿ ನಿಲ್ಲಿಸಿದೆ. ಆಗ ಪಿಸ್ಟನ್ ಪೂರ್ತಿ ಮ್ಯಾಲಿರುತ್ತೆ. ಕುರಿಗೆ ಹಚ್ಚೋ ಕೆಂಪು ಬಣ್ಣ ತಂದು ಕ್ಯಾಮ್ ಚಕ್ರದ ಮ್ಯಾಲೊಂದು, ಎದುರಿಗೆ ವಾಲ್ವ್ ಕೂರೋ ಹೆಡ್ಡಿನ ಮ್ಯಾಲೊಂದು ಬಳಿದೆ. ವಾಪಸ್ ಕೂರಿಸುವಾಗ ಎರಡು ಕೆಂಪು ಎದುರಾಬದುರು ಬಂದ್ರೆ ಆತು. ನನಗೆ ನಾನೇ ಶಭಾಷ್ ಅಂದ್ಕಂಡೆ. ಒಂದು ಫೋಟೋನೂ ತೆಗೀಲಿಲ್ಲ.

ಪಿಸ್ಟನ್ ಆಡೋ ಬ್ಲಾಕ್ ಒಳಗೆ ಸವೆದಿತ್ತು, ಅದನ್ನ ಬಿಚ್ಕಂಡು ಹಿರಿಯೂರಿಗೆ ಹೋಗಿ, ಬೋರ್ ಮಾಡಿಸಿ, ಅಂದ್ರೆ ಒಳಗೋಡೆ ಕೊರೆಸಿ, ಆ ಅಳತೆಗೆ ಹೊಸ ಪಿಸ್ಟನ್ ತಗಂಡು ಬಂದೆ. ನೋಡಿದ್ರೆ ತಟ್ಟೇಲಿದ್ದ ಸಾಮಾನೆಲ್ಲ ಥಳಥಳ. ಚಕ್ರದ ಮ್ಯಾಲೂ ಕೆಂಪು ಇಲ್ಲ, ಹೆಡ್ಡಿನ ಮ್ಯಾಲೂ ಇಲ್ಲ.

"ಅಪ್ಪಾ, ಇಲ್ಲಿ ಬಣ್ಣ ಹಚ್ಚಿದ್ದೆ, ಎಲ್ಲಿ ಹೋತು?"

"ಪೆಟ್ರೋಲ್ ಹಾಕಿ ಒರೆಸ್ದೆ."

"ಯಾಕಪ್ಪಾ!"

ಅಪ್ಪ ಬಟ್ಟೆ ಮಡಚ್ತಾ ಮಡಚ್ತಾ ಅಂದ, "ನಾನು ಇದನ್ನ ಮಾರಲ್ಲವ್ವ."

ನಂಗೆ ಒಂದು ಗಳಿಗೆ ತಿಳೀಲಿಲ್ಲ. ಆಮೇಲೆ ತಿಳೀತು. ನಮ್ಮ ಮನೇಲಿ ಕುರಿ ಬೆನ್ನಿಗೆ ಕೆಂಪು ಬಿತ್ತು ಅಂದ್ರೆ ಅದು ಮಾರಾಟ ಆದ ಕುರಿ, ನಾಳೆ ಹೋಗೋದು. ಆಮೇಲೆ ಅದರ ಮೈ ಅವ್ವನೂ ಸವರಲ್ಲ. ಮೊದಲು ನಾನು ಗುಜರಿ ಅಂದೆ, ಆಮೇಲೆ ಕೆಂಪು ಹಚ್ಚಿದೆ, ಸಾಲದ್ದಕ್ಕೆ ಬ್ಲಾಕ್ ಚೀಲದಾಗೆ ಹಾಕ್ಕಂಡು ಹೋದೆ. ಅಪ್ಪ ಏನು ಅನ್ಕಬೇಕು?

ಬಾಗಿಲಲ್ಲಿ ನಿಂತಿದ್ದ ಅವ್ವ ಅಂದ್ಲು, "ಕೆಂಪು ಹಚ್ಚಿ ಮರಿ ಮಾರಿ, ಆ ದುಡ್ಡಲ್ಲಿ ತಂದ ಗಾಡಿ ಕಣೇ ಅದು. ಅವತ್ತು ನಿಮ್ಮಪ್ಪ ಉಣ್ಣಲಿಲ್ಲ. ಮಾರನೆ ದಿನ ನನ್ನ ಕೂರಿಸ್ಕಂಡು ಮಾರಿಕಣಿವೆ ಡ್ಯಾಮಿಗೆ ಹೋಗಿ, ಸುಮ್ನೆ ನೀರು ನೋಡ್ಕಂಡು ಬಂದ್ವಿ."

"ಸುಮ್ನೆ ಎಲ್ಲಿ? ಮೀನು ಕೊಡಿಸು ಅಂತ ರಚ್ಚೆ ಹಿಡಿದಿದ್ಲು" ಅಂದ ಅಪ್ಪ.

"ಮಾರಾಕಲ್ಲಪ್ಪಾ, ವಾಪಸ್ ಕೂರಿಸಾಕೆ ಹಾಕಿದ ಗುರುತು ಅದು" ಅಂದೆ.

ಅಪ್ಪನ ಮುಖ ಸಣ್ಣಗಾತು. "ಅಯ್ಯೋ, ಹೇಳಬಾರದೇನವ್ವ ಮತ್ತೆ?" ಚಕ್ರ ತಗಂಡು ಬೆಳಕಿಗೆ ಹೋದ. ಕುರಿ ಹಲ್ಲು ನೋಡಿ ವಯಸ್ಸು ಹೇಳೋನು ನಮ್ಮಪ್ಪ. ಹಂಗೇ ಕಣ್ಣು ಸಣ್ಣ ಮಾಡಿ ಚಕ್ರದ ಹಲ್ಲು ಒಂದೊಂದೇ ತಿರುಗಿಸಿ ನೋಡಿದ.

"ಇಲ್ಲೊಂದು ಗೆರೆ ಐತಲ್ಲ, ಇದೇನು?"

ಕೂದಲೆಳೆ ಅಷ್ಟು ಗೆರೆ. ಕಂಪನಿಯೋರೇ ಕೊರೆದ ಗುರುತು! ಹೆಡ್ಡಿನ ಅಂಚಲ್ಲೂ ಅದಕ್ಕೆ ಜೋಡಿ ಒಂದು ಸಣ್ಣ ಕಚ್ಚು. ಎರಡರ ಮ್ಯಾಲೂ ನಾನೇ ದಪ್ಪಗೆ ಬಣ್ಣ ಮೆತ್ತಿ ಮುಚ್ಚಿದ್ದೆ. ಅಪ್ಪ ಒರೆಸದೇ ಇದ್ರೆ ನಂಗೆ ಇವತ್ತಿಗೂ ಗೊತ್ತಾಗ್ತಿರಲಿಲ್ಲ.

ಪಿಸ್ಟನ್, ಬ್ಲಾಕ್, ಹೆಡ್ಡು ವಾಪಸ್ ಕೂರಿಸುವಾಗ ಅಪ್ಪ ಚೈನು ಜಾರದಂಗೆ ತಂತಿ ಹಾಕಿ ಹಿಡಕಂಡ. ನಾನು 'ಟಿ' ಗೆರೆ ನಿಲ್ಲಿಸಿ, ಚಕ್ರದ ಗೆರೆ ಕಚ್ಚಿಗೆ ತಂದು, ಬೋಲ್ಟ್ ಬಿಗಿ ಮಾಡಿದೆ. ಕಿಕ್ ಹೊಡಿಯೋ ಮುಂಚೆ ಸ್ಪ್ಯಾನರಲ್ಲಿ ಕೆಳಗಿನ ಮ್ಯಾಗ್ನೆಟ್ ನಿಧಾನಕ್ಕೆ ಎರಡು ಸುತ್ತು ತಿರುಗಿಸಿದೆ, ಅಷ್ಟಕ್ಕೆ ಮ್ಯಾಲಿನ ಕ್ಯಾಮ್ ಚಕ್ರ ಒಂದೇ ಸುತ್ತು ಬಂತು. ಎಲ್ಲೂ ತಡೀಲಿಲ್ಲ, ಗೆರೆ ಅದೇ ಜಾಗಕ್ಕೆ ಬಂತು.

"ಕೆಳಗೆ ಎರಡು ಸುತ್ತು, ಮ್ಯಾಲೆ ಒಂದೇನಾ?" ಅಂದ ಅಪ್ಪ. "ನಾನು ಎರಡು ಮಾತು ಕೇಳಿದ್ರೆ ನಿಮ್ಮವ್ವ ಒಂದು ಹೇಳ್ದಂಗೆ."

"ಉಲ್ಟಾ ಅದು" ಅಂದ್ಲು ಅವ್ವ.

ಮೂರನೇ ಕಿಕ್ಕಿಗೆ ಹತ್ತಿಕಂತು. ಸೈಲೆನ್ಸರ್ ಒಳಗಿದ್ದ ಹಳೇ ಹೊಗೆ ಒಂದಿಷ್ಟು ಬಂತು, ಆಮೇಲೆ ತಿಳಿ. ಅಪ್ಪ ಟ್ಯಾಂಕಿನ ಮ್ಯಾಲೆ ಕೈ ಇಟ್ಕಂಡು ಸುಮಾರು ಹೊತ್ತು ಸದ್ದು ಕೇಳ್ತಾ ನಿಂತ. ಆಮೇಲೆ ಅವ್ವನ ಕಡೆ ತಿರುಗಿ, "ಬರ್ತೀಯೇನೇ?" ಅಂದ. ಅವ್ವ ಸೆರಗಲ್ಲಿ ಕೈ ಒರೆಸ್ಕಂಡು ಹತ್ತಿ ಕುಂತ್ಲು. ಎಲ್ಲಿಗೆ ಅಂತ ಕೇಳಲೂ ಇಲ್ಲ.

ಈಗ ನಾನು ಯಾರ ಇಂಜಿನ್ ಬಿಚ್ಚಿದ್ರೂ ಬಿಳಿ ಬಣ್ಣದಲ್ಲೇ ಗುರುತು ಹಾಕೋದು, ಅದೂ ಅಪ್ಪಂಗೆ ಹೇಳಿ. ನೀವು ಏನು ಹಾಕ್ತೀರಿ? ನಿಮ್ಮ ಗುರುತನ್ನ ಮನೇಲಿ ಯಾರಾದ್ರೂ ಒರೆಸಿದ್ದುಂಟಾ, ಯಾಕೆ ಅಂತ ಕೇಳಿದ್ರಾ? ಕೆಳಗೆ ಬರೀರಿ. ಓದಿ ಅಪ್ಪಂಗೂ ಹೇಳ್ತೀನಿ.