ಉಪ್ಪಿಟ್ಟಿಲ್ಲದ ಹೆಣ್ಣು ನೋಡುವ ಶಾಸ್ತ್ರ

ಕಳೆದ ಭಾನುವಾರ ನನ್ನ ಗಂಟಲಲ್ಲಿ ಒಂದು ಕರಿ ಗುಂಡು ಸಿಕ್ಕಿಕೊಂಡಿತು.

ಗಾಬರಿಯಾಗಬೇಡಿ, ಬದುಕಿದ್ದೇನೆ. ಆದರೆ ಅದು ಸಿಕ್ಕಿಕೊಂಡ ಹೊತ್ತು ಸರಿಯಿರಲಿಲ್ಲ. ಎದುರಿಗೆ ಕೂತಿದ್ದ ಮರಳವಾಡಿಯ ಜಯಮ್ಮನವರು ಆಗಷ್ಟೇ "ನಿಮ್ಮುಡ್ಗಿ ರಾತ್ರಿ ಪಾಳೀಗೂ ಹೋಯ್ತಾಳಂತೆ, ದಿಟವಾ?" ಅಂತ ಕೇಳಿದ್ದರು. ಆ ಪ್ರಶ್ನೆಗೆ ಒಂದು ಚೆಂದದ ಉತ್ತರವನ್ನು ಮನೆಯಿಂದಲೇ ರೆಡಿ ಮಾಡಿಕೊಂಡು ಹೋಗಿದ್ದೆ. ದಪ್ಪ ಸ್ಟ್ರಾದಲ್ಲಿ ಹೀರಿದ ರಭಸಕ್ಕೆ ಗುಂಡು ಸೀದಾ ಗಂಟಲಿಗೆ ಬಡಿದು, ಉತ್ತರದ ಬದಲು ಕೆಮ್ಮು ಬಂತು. ಜಯಮ್ಮನವರು ಎದ್ದು ಬಂದು ಬೆನ್ನಿಗೆ ನಾಲ್ಕು ಗುದ್ದಿದರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ಗುದ್ದುವುದು ಸಾಮಾನ್ಯವಾಗಿ ಮದುವೆಯಾದ ಮೇಲೆ. (ನಮಗೆ ಸ್ವಲ್ಪ ಮುಂಚೆಯೇ ಆಯ್ತು.)

ಹೌದು, ಅದು ಹೆಣ್ಣು ನೋಡುವ ಶಾಸ್ತ್ರ. ನಡೆದದ್ದು ರಾಮನಗರದ ಐಜೂರಿನಲ್ಲಿ, ಅಕ್ಕನ ಮನೆಯ ಹಿಂದಿನ ರಸ್ತೆಯಲ್ಲಿ ಹೊಸದಾಗಿ ಶುರುವಾಗಿರುವ ಬಬಲ್ ಟೀ ಅಂಗಡಿಯಲ್ಲಿ.

ಹೆಣ್ಣು ನನ್ನ ಅಕ್ಕನ ಮಗಳು ಪವಿತ್ರಾ. ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ಬೆಳಗಿನ ಶಿಫ್ಟ್, ಒಂದು ವಾರ ಮಧ್ಯಾಹ್ನ, ಇನ್ನೊಂದು ವಾರ ರಾತ್ರಿ. ಕೆಲಸ ಅವಳಿಗೆ ಇಷ್ಟ. ಹಾಗಂತ ಮದುವೆ ಬೇಡ ಅಂದವಳೂ ಅಲ್ಲ. ಮೂರು ಸಲ ಸೀರೆ ಉಟ್ಟು, ಟ್ರೇ ಹಿಡಿದು, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಗೋಡೆಗೆ ಒರಗಿ ನಿಂತಿದ್ದಾಳೆ. ಮೂರು ಸಲವೂ ಬಂದವರು ತಿಂದು, ಕಾಫಿ ಕುಡಿದು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಂದೇ ಮಾತು ಹೇಳಿದ್ದಾರೆ: "ಊರಿಗೆ ಹೋಗಿ ತಿಳಿಸ್ತೀವಿ."

ಆ ಊರುಗಳಿಂದ ಇವತ್ತಿನವರೆಗೂ ಸುದ್ದಿಯಿಲ್ಲ. (ಪಾಪ, ನೆಟ್‌ವರ್ಕ್ ಸಿಗುವುದಿಲ್ಲವೇನೋ.)

ನಾಲ್ಕನೆಯ ಸಂಬಂಧ ಬಂದಾಗ ಪವಿ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಳು. "ಮನೇಲಿ ಬ್ಯಾಡ ಕಣಮ್ಮ. ನಾನು ಟ್ರೇ ಹಿಡಿಯಲ್ಲ. ಅವ್ರು ಬಬಲ್ ಟೀ ಅಂಗಡಿಗೆ ಬರ್ಲಿ, ಕೂತ್ಕೊಂಡು ಮಾತಾಡ್ತೀವಿ. ಬೇಕಾದ್ರೆ ಚಿಕ್ಕಮ್ಮ ಜೊತೇಲಿರ್ಲಿ."

"ಅಂಗಡೀಲಿ ಕೂತು ಹೆಣ್ಣು ನೋಡದಾ? ನೋಡ್ದೋರು ಏನಂದಾರು?" ಅಂದಳು ಅಕ್ಕ.

"ನೋಡೋರು ಯಾರೂ ಅಲ್ಲಿಗೆ ಬರಲ್ಲಮ್ಮ. ನಿಮ್ಮ ವಯಸ್ಸಿನೋರು ಒಬ್ರೂ ಇರಲ್ಲ. ಅದೂ ಅಲ್ದೆ ಕಾಫಿ ಐದು ನಿಮಿಷಕ್ಕೆ ಮುಗ್ದೋಗುತ್ತೆ. ಇದು ಮುಗಿಯಲ್ಲ. ಅಗೀಬೇಕು."

ಎಂಥಾ ಲೆಕ್ಕಾಚಾರ ನೋಡಿ! ನಾವೆಲ್ಲ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಇಡೀ ಜನ್ಮದ ತೀರ್ಮಾನ ಮಾಡಿಸಿಕೊಂಡವರು. ಅಗಿಯುವಷ್ಟು ಟೈಮ್ ನಮಗೆ ಯಾರು ಕೊಟ್ಟಿದ್ದರು?

ಹಾಗಾಗಿ ಚನ್ನಪಟ್ಟಣದಲ್ಲಿದ್ದ ನನಗೆ ಬುಲಾವ್ ಬಂತು. ನನ್ನನ್ನು ಬಲ್ಲ ಓದುಗರು ಈಗಾಗಲೇ ನಗುತ್ತಿರುತ್ತೀರಿ. ಒಂದು ಕಡೆ ಹತ್ತು ನಿಮಿಷ ಕೂರಲಾರದವಳು ನಾನು. ಬಸ್ಸಿಗೆ ಕಾಯುವಾಗಲೂ ಸ್ಟ್ಯಾಂಡಿನ ಆ ತುದಿಯಿಂದ ಈ ತುದಿಗೆ ತಿರುಗುತ್ತಿರುತ್ತೇನೆ. ಇಂಥವಳನ್ನು ಕಾವಲಿಗೆ ಕೂರಿಸಿದರು.

ಅಂಗಡಿಗೆ ನಡೆದುಕೊಂಡು ಹೋಗುವಾಗ ಪವಿ ಹೇಳಿದಳು, "ಒಂದೇ ಒಂದು ಪ್ರಶ್ನೆ ಕೇಳ್ತೀನಿ ಚಿಕ್ಕಮ್ಮ. ಅದಕ್ಕೆ ಏನ್ ಹೇಳ್ತಾರೆ ಅನ್ನೋದ್ರ ಮೇಲೆ ನನ್ನ ತೀರ್ಮಾನ."

"ಏನೇ ಅದು?"

"ಮೊದ್ಲು ಅವ್ರಿಗೆ."

ಅಂಗಡಿ ಬರುವವರೆಗೂ ಆ ಪ್ರಶ್ನೆ ಏನಿರಬಹುದು ಅಂತ ಊಹಿಸುತ್ತಾ ನಡೆದೆ.

ಹುಡುಗ ಆಗಲೇ ಬಂದಿದ್ದ. ಹೆಸರು ಲೋಕೇಶ. ಮರಳವಾಡಿ ಕಡೆಯವನು, ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳ ಸಾಕುತ್ತಾನೆ. ಜೊತೆಗೆ ಬಂದಿದ್ದ ಜಯಮ್ಮನವರು ಅವನ ಸೋದರತ್ತೆ. ತಾಯಿ ಯಾಕೆ ಬರಲಿಲ್ಲ ಅಂದದ್ದಕ್ಕೆ ಅವರು, "ಹುಳ ಮೂರ್ನೇ ಜ್ವರಕ್ಕೆ ಕುಂತವೆ ಕಣವ್ವ. ಇವತ್ತು ಸೊಪ್ಪಾಕೋ ಹಂಗಿಲ್ಲ, ಅದ್ಕೇ ಇವ್ನಿಗೆ ಬಿಡುವು ಸಿಕ್ತು. ಆದ್ರೂ ಯಾರಾದ್ರೂ ಮನೇಲಿರ್ಬೇಕಲ್ಲ?" ಅಂದರು. (ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಮುಂಚೆ ತಿನ್ನದೆ, ಅಲ್ಲಾಡದೆ ಸುಮ್ಮನಿರುತ್ತದಲ್ಲ, ನಮ್ಮ ಕಡೆ ಅದಕ್ಕೆ ಹಾಗನ್ನುತ್ತಾರೆ.)

ಕೌಂಟರಿನ ಹುಡುಗಿ ಕೇಳಿದಳು, "ಶುಗರ್ ಎಷ್ಟು ಪರ್ಸೆಂಟ್ ಮೇಡಂ?"

"ಪರ್ಸೆಂಟ್ ಏನವ್ವ, ಒಸಿ ಕಮ್ಮಿ ಹಾಕು," ಅಂದರು ಜಯಮ್ಮ.

ಲೋಟದ ಬಾಯಿಗೆ ಪ್ಲಾಸ್ಟಿಕ್ ಅಂಟಿಸಿ ಕೊಟ್ಟರು. ಸ್ಟ್ರಾದಿಂದ ಚುಚ್ಚಿ ತೂತು ಮಾಡಬೇಕಂತೆ. ನಾನು ಮೆಲ್ಲಗೆ ಚುಚ್ಚಿದೆ, ಆಗಲಿಲ್ಲ. ಜೋರಾಗಿ ಚುಚ್ಚಿದೆ, ಜಯಮ್ಮನವರ ಸೀರೆ ಸೆರಗಿಗೆ ಟೀ ಹಾರಿತು. ಒಳಗೆ ತಣ್ಣನೆಯ ಟೀ, ತಳದಲ್ಲಿ ಮರಗೆಣಸಿನ ಹಿಟ್ಟಿನ ಕರಿ ಗುಂಡುಗಳು. ಟೀ ಖಾಲಿಯಾದರೂ ಗುಂಡು ಖಾಲಿಯಾಗುವುದಿಲ್ಲ.

ಪವಿ ಮತ್ತು ಲೋಕೇಶ ಗಾಜಿನ ಪಕ್ಕದ ಟೇಬಲ್ಲಿಗೆ ಹೋದರು. ನಾವಿಬ್ಬರೂ ಈ ಮೂಲೆಯಲ್ಲಿ. ಇಲ್ಲಿಂದ ಅವರ ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಮೇಲಿಂದ ಯಾವುದೋ ಭಾಷೆಯ ಹಾಡು ಬೇರೆ. ನನ್ನ ಗಂಟಲು ಸರಿಯಾದ ಮೇಲೆ ರಾತ್ರಿ ಪಾಳಿಯ ಪ್ರಶ್ನೆಗೆ ಉತ್ತರ ಕೊಟ್ಟೆ. ಹೌದು, ಹೋಗ್ತಾಳೆ, ಮದುವೆಯಾದ ಮೇಲೂ ಹೋಗ್ತಾಳೆ ಅಂದೆ. (ರೆಡಿ ಮಾಡಿಕೊಂಡಿದ್ದ ಚೆಂದದ ಉತ್ತರ ಕೆಮ್ಮಿನ ಜೊತೆ ಹೋಗಿತ್ತು.)

ಅವರು ಸಿಟ್ಟಾಗಲಿಲ್ಲ. ಲೋಟ ಅಲ್ಲಾಡಿಸುತ್ತಾ, "ನಮ್ದೂ ಒಂದ್ ಕತೆ ಐತೆ ಬುಡಿ," ಅಂದರು. "ಜಮೀನೈತೆ, ಬೋರಲ್ಲಿ ನೀರೈತೆ, ಒಳ್ಳೆ ಮನೆ ಐತೆ. ಯಾವ್ ಮನೆಗ್ ಹೋದ್ರೂ 'ವ್ಯವಸಾಯನಾ?' ಅಂತ ಮುಖ ತಿರುಗುಸ್ತಾರೆ. ಹೆಣ್ಣಿನ ಕಡೆಯೋರೇ ಈಗ 'ತಿಳಿಸ್ತೀವಿ' ಅಂತಾರೆ ಕಣವ್ವ, ತಿಳಿಸಾದೇ ಇಲ್ಲ."

ಅಲ್ಲಿಗೆ ನಮ್ಮಿಬ್ಬರದೂ ಒಂದೇ ಪಾರ್ಟಿ ಆಯಿತು. ಗಾಜಿನ ಪಕ್ಕದಲ್ಲಿ ಮಾತು ನಡೆದೇ ಇತ್ತು. ನನ್ನ ಕಾಲು ಟೇಬಲ್ಲಿನ ಕೆಳಗೆ ಕುಣಿಯುತ್ತಿತ್ತು. ಅಕ್ಕ ಆಗಲೇ ಮೂರು ಸಲ ಫೋನ್ ಮಾಡಿ "ಏನಾಯ್ತೇ?" ಅಂದಿದ್ದಳು.

"ಒಸಿ ಟಿಶ್ಯೂ ತರೋ ಹಂಗೆ ಹೋಗ್ಬನ್ನಿ," ಅಂದರು ಜಯಮ್ಮ, ನನ್ನ ಮನಸ್ಸಿನಲ್ಲಿದ್ದದ್ದನ್ನೇ.

ಹೋದೆ. ಟಿಶ್ಯೂ ಪೇಪರ್ ಇರುವುದು ಅವರಿಬ್ಬರ ಟೇಬಲ್ ದಾಟಿ. ಮೊದಲ ಸಲ ಏನೂ ಕೇಳಲಿಲ್ಲ. ಎರಡನೆಯ ಸಲ ಹೋದಾಗ, ದೇವರು ದೊಡ್ಡವನು, ಹಾಡು ನಿಂತಿತ್ತು. ಪವಿ ಕೇಳುತ್ತಿದ್ದಳು:

"ನೈಟ್ ಶಿಫ್ಟ್ ಮುಗಿಸ್ಕೊಂಡು ಬೆಳಗ್ಗೆ ಬಂದು ಮಲಗಿರ್ತೀನಿ. ನಿಮ್ಮನೇಲಿ ನನ್ನ ಯಾರು ಎಬ್ಬಿಸ್ತಾರೆ?"

ಇದಾ ಪ್ರಶ್ನೆ! ನಾನು ಸಂಬಳದ ವಿಷಯ, ಬೇರೆ ಮನೆ ಮಾಡುವ ವಿಷಯ, ಏನೇನೋ ಯೋಚಿಸಿದ್ದೆ. ಟಿಶ್ಯೂ ಎಳೆಯುತ್ತಾ ನಿಂತೇಬಿಟ್ಟೆ.

ಲೋಕೇಶ ಒಂದು ಗುಂಡು ಅಗಿದು ನುಂಗಿ ಹೇಳಿದ, "ಹುಳ ಜ್ವರಕ್ಕೆ ಕುಂತ್ರೆ ನಾವು ಅದ್ನ ಮುಟ್ಟಕ್ಕಿಲ್ಲ. ಮನುಷ್ಯರ್ನ ಎಬ್ಬಿಸ್ತೀವಾ?"

ಚೆನ್ನಾಗಿ ಹೇಳಿದ ಅಂತ ನನಗೆ ಖುಷಿಯಾಯಿತು. ಪವಿಗೆ ಆಗಲಿಲ್ಲ. "ನಿಮ್ಮ ವಿಷ್ಯ ಅಲ್ಲ. ನಿಮ್ಮಮ್ಮ?"

ಅವನು ಸ್ಟ್ರಾ ತಿರುಗಿಸಿದ. ಆಮೇಲೆ, "ಅದ್ ನಂಗೊತ್ತಿಲ್ಲ. ಕೇಳ್ಬೇಕು," ಅಂದ.

"ಸರಿ. ಊರಿಗೆ ಹೋಗಿ ತಿಳಿಸಿ," ಅಂದಳು ನಮ್ಮ ಹುಡುಗಿ.

ಅದೇ ಮಾತು! ಅವನು "ಏ, ಎಬ್ಬಿಸಲ್ಲ ಬಿಡಿ" ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತಲ್ಲ? ವಾಪಸ್ಸು ಬರುವಾಗ ಪವಿಗೆ ಅದನ್ನೇ ಹೇಳಿದೆ. "ಅವ್ರಮ್ಮನ್ನ ಕೇಳ್ದೆ ಹಂಗಂದ್ಬಿಟ್ಟಿದ್ರೆ ನಾನೇ ಬ್ಯಾಡ ಅಂತಿದ್ದೆ ಚಿಕ್ಕಮ್ಮ," ಅಂದಳು.

ಅಂದಿನಿಂದ ನನಗೆ ಆ ಪ್ರಶ್ನೆಯದ್ದೇ ಗುಂಗು. ಪವಿ ಅದನ್ನು ಯಾಕೆ ಕೇಳಿದಳು ಅಂತ ತಿಳಿಯಲು ಮರಳವಾಡಿಗೆ ಹೋಗಬೇಕಾಗಿಲ್ಲ, ನಮ್ಮ ಅಕ್ಕನ ಮನೆಯಲ್ಲೇ ಒಂದು ಬೆಳಗ್ಗೆ ಇದ್ದರೆ ಸಾಕು. ಭಾವ ಬಸ್ ಡ್ರೈವರ್. ಅವರು ನೈಟ್ ಡ್ಯೂಟಿ ಮಾಡಿ ಬಂದು ಮಲಗಿದರೆ ಟಿವಿ ಬಂದ್, ಮಿಕ್ಸಿ ಬಂದ್. ಕುಕ್ಕರ್ ಕೂಗಬಾರದು ಅಂತ ಅಕ್ಕ ತಪ್ಪಲೆಯಲ್ಲಿ ಅನ್ನ ಮಾಡಿ ಬಸಿಯುತ್ತಾಳೆ. ಬಂದವರಿಗೆ ಬಾಗಿಲಲ್ಲೇ "ಮಲಗವ್ರೆ" ಅಂತ ಪಿಸುಗುಡುತ್ತಾಳೆ. ಬಂದವರೂ ತಲೆಯಾಡಿಸಿ ಹೋಗುತ್ತಾರೆ.

ಅದೇ ಪವಿ ನೈಟ್ ಶಿಫ್ಟ್ ಮಾಡಿ ಬಂದು ಮಲಗಿದರೆ? ಸಿಲಿಂಡರ್ ಬಂತು, ಪವಿ ಏಳು. ಒಸಿ ಹಾಲು ನೋಡ್ಕೋ, ಪವಿ ಏಳು. ಬೈರಾಪಟ್ಟಣದಿಂದ ದೊಡ್ಡಮ್ಮ ಬಂದವ್ರೆ, ಎದ್ದು ಮುಖ ತೊಳ್ಕೊಂಡು ಬಾ. ಹತ್ತು ಗಂಟೆಯಲ್ಲಿ ಹೆಣ್ಣುಮಗಳು ಮಲಗಿದ್ದಾಳೆ ಅಂದರೆ ಬಂದವರು "ಯಾಕೆ, ಹುಷಾರಿಲ್ವಾ?" ಅಂತಾರೆ. ಹುಷಾರಿಲ್ಲದಿದ್ದರೆ ಮಾತ್ರ ಹೆಂಗಸು ಹಗಲು ಮಲಗಬಹುದು ಅಂತ ಯಾರು ಆರ್ಡರ್ ಹೊರಡಿಸಿದ್ದಾರೋ! ಅಕ್ಕ ಕೆಟ್ಟವಳಲ್ಲ. ಮಗಳು ಅಂದರೆ ಪ್ರಾಣ. ಆದರೆ ಎಬ್ಬಿಸುತ್ತಾಳೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸೋಮವಾರ ಫೋನ್ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅಕ್ಕ "ಇವ್ರೂ ಅಂಥೋರೇ ಕಣೇ" ಅಂತ ಫೋನಿನಲ್ಲಿ ಅತ್ತಳು. ಇವತ್ತು ಗುರುವಾರ. ಮನೆಯಲ್ಲಿ ಕೂರಲಾರದೆ ಬೆಳಗ್ಗೆಯೇ ಬಸ್ಸು ಹತ್ತಿ ರಾಮನಗರಕ್ಕೆ ಬಂದೆ. ಪವಿಗೆ ಈ ವಾರ ನೈಟ್ ಶಿಫ್ಟ್. ಬಂದು, ಎರಡು ಇಡ್ಲಿ ತಿಂದು, ಫೋನ್ ಸೈಲೆಂಟ್ ಮಾಡಿ, ರೂಮಿನ ಬಾಗಿಲು ಮುಂದಕ್ಕೆ ಎಳೆದುಕೊಂಡು ಮಲಗಿದ್ದಳು.

ಹತ್ತೂವರೆಗೆ ಅಕ್ಕನ ಫೋನ್ ಬಡಿದುಕೊಂಡಿತು. ಅಕ್ಕ ಸ್ಪೀಕರಿಗೆ ಹಾಕಿದಳು.

"ನಮಸ್ಕಾರ ಕಣಮ್ಮ, ಮರಳವಾಡಿ ಲೋಕೇಶ. ಪವಿತ್ರಾ ಅವ್ರಿಗೆ ಒಂದ್ ಮಾತ್ ಹೇಳ್ಬೇಕಿತ್ತು. ಅವ್ರ್ ಫೋನ್ ಎತ್ತುತಾ ಇಲ್ಲ."

ಅಕ್ಕನ ಮುಖ ಊರಗಲ ಆಯಿತು. "ಒಂದ್ನಿಮಿಷ ಇರಪ್ಪ, ಮಲಗವ್ಳೆ, ಈಗ್ಲೇ ಎಬ್ಬಿಸ್ತೀನಿ," ಅಂತ ರೂಮಿನ ಕಡೆ ಓಡಿದಳು.

"ಮಲಗವ್ರಾ? ಬ್ಯಾಡಿ ಬ್ಯಾಡಿ, ಎಬ್ಬಿಸ್ಬ್ಯಾಡಿ! ನಾಕ್ ಗಂಟೆ ಮೇಲೆ ಮಾಡ್ತೀನಿ."

ಇಟ್ಟೇಬಿಟ್ಟ.

ಅಕ್ಕ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ತಳ್ಳಿದರೆ ತೆರೆದುಕೊಳ್ಳುವ ಬಾಗಿಲು. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಕೈ ತೆಗೆದು, ಕಾಲು ಸದ್ದಾಗದಂತೆ ಅಡುಗೆಮನೆಗೆ ಬಂದಳು.

ಏನು ಹೇಳಲು ಫೋನ್ ಮಾಡಿದ್ದನೋ? ಅವನ ಅಮ್ಮ ಏನಂದರೋ? ಹೂಂ ಅಂದರೋ, ಊಹೂಂ ಅಂದರೋ? ನನಗಂತೂ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ, ಬರಿಗಾಲಲ್ಲಿ ತಿರುಗುತ್ತಿದ್ದೇನೆ. ನಡುನಡುವೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಕಣ ಮೂರು ಗಂಟೆಗೆ ಪತ್ರಿಕೆಗೆ ಹೋಗಬೇಕು, ಫೋನ್ ಬರುವುದು ನಾಲ್ಕಕ್ಕೆ. ನನ್ನ ಹಣೆಬರಹ ನೋಡಿ!

ಈಗ ಗಂಟೆ ಒಂದೂವರೆ. ಪವಿ ಇನ್ನೂ ಎದ್ದಿಲ್ಲ. ಟಿವಿ ಬಂದ್, ಮಿಕ್ಸಿ ಬಂದ್. ಆಗಲೇ ಪಕ್ಕದ ಮನೆಯವರು ಬಂದಾಗ ಅಕ್ಕ ಬಾಗಿಲಲ್ಲೇ "ಮಲಗವ್ಳೆ" ಅಂತ ಪಿಸುಗುಟ್ಟಿ ಕಳಿಸಿದಳು. ಕುಕ್ಕರ್ ಇಟ್ಟಿಲ್ಲ. ತಪ್ಪಲೆಯಲ್ಲಿ ಅನ್ನ ಕುದಿಯುತ್ತಿದೆ, ಅಕ್ಕ ಸೌಟು ಹಿಡಿದು ಸದ್ದಿಲ್ಲದೆ ಕಾಯುತ್ತಿದ್ದಾಳೆ.

ನಮ್ಮ ಮಗಳ ನಿದ್ದೆಗೆ ಬೆಲೆ ಇದೆ ಅಂತ ನಮಗೆ ಹೇಳಲು ಮರಳವಾಡಿಯಿಂದಲೇ ಫೋನ್ ಬರಬೇಕಿತ್ತೇ?