ಒಂದು ವರ್ಷದ ಆಯಿಲ್

ನನ್ನ ಗಂಡ ನೆಲ್ಯಾಡಿಯ ಸ್ಟ್ಯಾಂಡಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದರು. ನಾನು ಅಲ್ಲೇ ಹೆದ್ದಾರಿ ಬದಿಯ ಕಟ್ಟಡದಲ್ಲಿ ಬಟ್ಟೆ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ. ಮಗಳನ್ನು ಸುಳ್ಯಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ ಮನೆಯಲ್ಲಿ ನಾವಿಬ್ಬರೇ. ಸಂಜೆ ಅವರು ಬಂದರೆ ಮಾತೆಲ್ಲ ಕಾರಿನದ್ದೇ. ಎಲ್ಲಿ ಯಾವ ಸದ್ದು ಬಂತು, ಗುಂಡ್ಯದಲ್ಲಿ ಎಷ್ಟು ಹೊತ್ತು ಲಾರಿಗಳ ಹಿಂದೆ ನಿಲ್ಲಬೇಕಾಯಿತು, ಶಿರಾಡಿ ಘಾಟಿ ಹತ್ತುವಾಗ ಎಂಜಿನ್ ಹೇಗೆ ಕಾಯಿತು. ನಾನು ಅನ್ನಕ್ಕೆ ಇಡುತ್ತಾ ಹೂಂಗುಟ್ಟುತ್ತಿದ್ದೆ.

ಎಂಜಿನ್ ಆಯಿಲ್ ವಿಷಯದಲ್ಲಿ ಅವರಿಗೆ ಒಂದು ಹಟ ಇತ್ತು. ಸಾದಾ ಆಯಿಲನ್ನೇ ಹಾಕಬೇಕು, ಆದರೆ ಅವಧಿ ಮುಗಿಯುವ ಮೊದಲೇ ಬದಲಿಸಬೇಕು. ಸಿಂಥೆಟಿಕ್ ಎಂಬ ದುಬಾರಿ ಆಯಿಲ್ ಬರೀ ಡಬ್ಬಿಯ ಚಂದ ಎಂದು ಅವರ ಅಭಿಪ್ರಾಯ. ಅವರು ಹೋಗುತ್ತಿದ್ದ ಗ್ಯಾರೇಜು ನಮ್ಮ ಕರಾವಳಿಯ ಮುಸ್ಲಿಮರಾದ ಒಬ್ಬ ಬ್ಯಾರಿಯವರದ್ದು. ಗಂಡನಿಗಿಂತ ಸ್ವಲ್ಪ ಚಿಕ್ಕವರು, ಅವರನ್ನು ಅಣ್ಣ, ನನ್ನನ್ನು ಅಕ್ಕ ಎಂದು ಕರೆಯುವವರು. ಅವರ ವಾದ ಇದಕ್ಕೆ ತದ್ವಿರುದ್ಧ.

‘ಅಣ್ಣ, ನೀವು ದಿನಾ ಘಾಟಿ ಹತ್ತುದು. ಜನ ತುಂಬಿ, ಎ.ಸಿ. ಹಾಕಿ. ಆ ಬಿಸಿಗೆ ಸಾದಾ ಆಯಿಲ್ ನೀರಾಗ್ತದೆ. ಒಮ್ಮೆ ಒಳ್ಳೆದು ಹಾಕಿ ನೋಡಿ ಮಾರಾಯ್ರೆ.’

‘ನಿನಗೆ ಮಾರಾಟ ಆಗ್ಬೇಕು, ಅಷ್ಟೆ. ಹೊಸ ಆಯಿಲಿಗಿಂತ ಒಳ್ಳೆ ಆಯಿಲ್ ಯಾವುದುಂಟು? ನಾನು ಹೊಸದು ಹಾಕ್ತಾ ಇರ್ತೇನೆ.’

ಗ್ಯಾರೇಜಿನ ಬೆಂಚಿನಲ್ಲಿ ಚಾ ಕುಡಿಯುತ್ತಾ ಇಬ್ಬರೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡಿದ್ದರು. ಸೋಲುವ ಇಷ್ಟ ಇಬ್ಬರಿಗೂ ಇರಲಿಲ್ಲ. ಗೆದ್ದುಬಿಡುವ ಇಷ್ಟವೂ ಇರಲಿಲ್ಲವೇನೋ.

ಹೊಟ್ಟೆನೋವು ಶುರುವಾದದ್ದು ಒಂದು ಮಳೆಗಾಲ ಮುಗಿಯುವ ಹೊತ್ತಿಗೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿದರು. ಮೈ ಇಳಿಯಿತು, ಕಣ್ಣು ಹಳದಿಯಾಯಿತು. ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದಾಗ ಹೊಟ್ಟೆಯೊಳಗೆ ಗಡ್ಡೆ, ಅದು ಹರಡಿಯೂ ಆಗಿದೆ ಎಂದು ತಿಳಿಯಿತು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಯೇ ಹೇಳಿದರು. ಹಿಂದಿರುಗಿ ಬರುವಾಗ ಇಡೀ ದಾರಿ ಅವರೇ ಕಾರು ಓಡಿಸಿದರು. ಉಪ್ಪಿನಂಗಡಿ ದಾಟುವಾಗ, ‘ಊಟ ಮಾಡ್ತೀಯಾ?’ ಎಂದು ಕೇಳಿದರು. ಬೇಡ ಎಂದೆ. ಆ ದಿನ ನಾವು ಆಡಿದ ಮಾತು ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ಔಷಧಿ, ಗಂಜಿ, ನಿದ್ದೆ ಇವುಗಳ ಮಾತಾಯಿತೇ ಹೊರತು ಡಾಕ್ಟರು ಹೇಳಿದ್ದನ್ನು ಇಬ್ಬರೂ ಎತ್ತಲಿಲ್ಲ. ಮಗಳಿಗೂ, ‘ಚಿಕಿತ್ಸೆ ಉಂಟು, ಗುಣ ಆಗ್ತದೆ’ ಎಂದೇ ಹೇಳಿದರು. ಹಾಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬಾಡಿಗೆ ನಿಲ್ಲಿಸಿದರು. ಕಾರನ್ನು ಮಾರುತ್ತಾರೆಂದು ನಾನು ತಿಳಿದಿದ್ದೆ. ಮಾರಲಿಲ್ಲ. ಆ ಸುಸ್ತಿನಲ್ಲೇ ಪುತ್ತೂರಿನ ಆರ್.ಟಿ.ಒ. ಕಚೇರಿಗೆ ಅಲೆದು, ಹಳದಿ ಬೋರ್ಡು ತೆಗೆಸಿ ಸ್ವಂತದ ಕಾರು ಎಂದು ಮಾಡಿಸಿಕೊಂಡು ಬಂದರು. ಆಮೇಲೆ ನನಗೆ ಓಡಿಸಲು ಕಲಿಸತೊಡಗಿದರು. ಲೈಸೆನ್ಸು ಎಂದೋ ಮಾಡಿಸಿ ಕೊಟ್ಟಿದ್ದರು. ಆಮೇಲೆ ನಾನು ಸ್ಟೇರಿಂಗ್ ಮುಟ್ಟಿದವಳಲ್ಲ. ಕೊಯಿಲದಲ್ಲಿ ಸರಕಾರದ ದನದ ಫಾರ್ಮಿನ ಪಕ್ಕ ದೂರದವರೆಗೆ ಬರೀ ಹುಲ್ಲುಬಯಲು, ವಾಹನ ಕಡಿಮೆ. ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದೆವು. ಬೆಲ್ಟು ಹೊಟ್ಟೆಗೆ ಒತ್ತಿದರೆ ನೋವಾಗುತ್ತದೆಂದು ನಡುವೆ ಒಂದು ಸಣ್ಣ ದಿಂಬು ಇಟ್ಟುಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ನಾನು ಕ್ಲಚ್ ಬಿಟ್ಟು ಕಾರು ಜಿಗಿದಾಗಲೆಲ್ಲ ಅವರ ಮುಖ ಕಿವುಚಿಕೊಳ್ಳುತ್ತಿತ್ತು.

‘ನೋವಾಯ್ತಾ? ಸಾಕು, ಮನೆಗೆ ಹೋಗುವ’ ಎನ್ನುತ್ತಿದ್ದೆ.

‘ಇನ್ನೊಮ್ಮೆ. ಮೆಲ್ಲ ಬಿಡು ಮಾರಾಯ್ತಿ, ಹೊಲಿಗೆ ಮಿಶನ್ ತುಳಿದ ಹಾಗೆ.’

ಹಾಗೆ ಕಲಿತೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಕಡಬದವರೆಗೆ ಒಬ್ಬಳೇ ಹೋಗಿ ಬರುವಷ್ಟಾಯಿತು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಗ್ಯಾರೇಜಿಗೆ ಹೋಗೋಣ, ಆಯಿಲ್ ಬದಲಿಸಬೇಕು ಎಂದರು. ಕಾರು ಓಡಿಸಿದ್ದು ನಾನು. ಅವರನ್ನು ಕೈ ಹಿಡಿದು ಇಳಿಸಬೇಕಾಯಿತು. ಬ್ಯಾರಿಯವರು ಓಡಿ ಬಂದು ಬೆಂಚು ಒರೆಸಿದರು.

‘ಸಿಂಥೆಟಿಕ್ ಹಾಕು. ಇದ್ದದ್ದರಲ್ಲಿ ಒಳ್ಳೇದು’ ಎಂದರು ಇವರು.

ಬ್ಯಾರಿಯವರು ಮೊದಲು ನಕ್ಕರು. ‘ಎಂತ ಅಣ್ಣ, ಕೊನೆಗೂ ಒಪ್ಪಿದ್ರಾ?’

‘ಒಪ್ಪಿದೆ ಮಾರಾಯ. ಹಾಕು.’

ನನಗೆ ಸಿಟ್ಟು ಬಂತು. ಘಾಟಿ ಹತ್ತುತ್ತಿದ್ದ ಕಾಲದಲ್ಲಿ ಬೇಡವಾದದ್ದು ಈಗ, ಕಾರು ಕಡಬಕ್ಕೆ ಹೋಗಿ ಬರುವ ಕಾಲಕ್ಕೆ, ಯಾಕೆ? ಸಾದಾ ಆಯಿಲಿನ ಎರಡು ಪಟ್ಟಿಗೂ ಹೆಚ್ಚು ಬೆಲೆ. ಔಷಧಿಯ ಖರ್ಚೇ ತಲೆಯ ಮೇಲಿತ್ತು. ಬ್ಯಾರಿಯವರ ಎದುರು ಸುಮ್ಮನಿದ್ದು, ಕಾರು ಹೊರಟ ಮೇಲೆ ಶುರು ಮಾಡಿದೆ. ‘ನಿಮಗೆ ಎಂತಾಗಿದೆ? ಈ ಕಾರು ಇನ್ನು ಎಷ್ಟು ಓಡ್ಲಿಕ್ಕುಂಟು? ಯಾರಿಗೆ ಬೇಕು ಈ ಆಯಿಲ್?’

ಅವರು ಕಿಟಕಿಯಿಂದ ಹೊರಗೆ ರಬ್ಬರು ಮರಗಳನ್ನು ನೋಡುತ್ತಾ ಹೇಳಿದರು.

‘ಸಾದಾ ಹಾಕಿದ್ರೆ ಚೌತಿ ಹೊತ್ತಿಗೆ ಬದಲಿಸ್ಬೇಕು. ಆಗ ನಾನು ಇರುದಿಲ್ಲ. ಇದು ಹಾಕಿದ್ರೆ ಒಂದು ವರ್ಷ ಹೋಗ್ತದೆ. ನಾನು ಹೋದ ಕೂಡ್ಲೆ ನೀನು ಆ ಬೆಂಚಿನಲ್ಲಿ ಒಬ್ಬಳೇ ಕೂರುದು ಬೇಡ. ಬಂದವರೆಲ್ಲ ನನ್ನ ವಿಷಯ ಮಾತಾಡ್ತಾರೆ, ನೀನು ಕೇಳಿಕೊಂಡು ಕೂರ್ಬೇಕು. ಒಂದು ವರ್ಷ ಆದ್ಮೇಲೆ ಆದ್ರೆ ಸ್ವಲ್ಪ ತಡ್ಕೊಳ್ಲಿಕ್ಕೆ ಆಗ್ತದೆ.’

ನಾನು ಕಾರನ್ನು ಬದಿಗೆ ಹಾಕಿ ನಿಲ್ಲಿಸಿದೆ. ಲಾರಿಗಳು ಹಾದುಹೋದಾಗ ಕಾರು ಅಲುಗುತ್ತಿತ್ತು. ಡಾಕ್ಟರು ಹೇಳಿದ ದಿನದಿಂದ ಅಡಗಿಸಿಟ್ಟ ಅಳು ಅಲ್ಲಿ ಬಂತು. ಅವರು ದಿಂಬನ್ನು ತೆಗೆದು ಪಕ್ಕಕ್ಕಿಟ್ಟು, ನನ್ನ ಕೈ ಮೇಲೆ ಕೈ ಇಟ್ಟರು. ಮೂಳೆ ಮಾತ್ರ ಉಳಿದಿದ್ದ ಕೈ. ‘ಹ್ಯಾಂಡ್‌ಬ್ರೇಕ್ ಹಾಕು’ ಎಂದರು.

ಚೌತಿಗೆ ಮೊದಲಿನ ಆಟಿ ತಿಂಗಳಲ್ಲಿ, ಜೋರು ಮಳೆಯ ಒಂದು ಮಧ್ಯಾಹ್ನ ಅವರು ತೀರಿಕೊಂಡರು.

ಚೌತಿ ಬಂತು, ಹೋಯಿತು. ಕಾರನ್ನು ನಾನು ಮುಟ್ಟಲಿಲ್ಲ. ಮಗಳು ಸುಳ್ಯಕ್ಕೆ ಬಾ ಎಂದು ಕರೆಯುತ್ತಲೇ ಇದ್ದಳು. ಬಸ್ಸಿನಲ್ಲಿ ಹೋದೆ. ಹೀಗೆ ನಿಲ್ಲಿಸಿಟ್ಟರೆ ಅವರು ಕಲಿಸಿದ್ದು ಮರೆತುಹೋಗುತ್ತದೆ ಎನಿಸಿ ನವರಾತ್ರಿಯ ಹೊತ್ತಿಗೆ ಓಡಿಸತೊಡಗಿದೆ. ಕಡಬ, ಪಂಜ ದಾರಿಯಾಗಿ ಮಗಳ ಮನೆಗೂ ಹೋಗಿ ಬಂದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಕಾರು ನಿಲ್ಲುವ ಜಾಗದಲ್ಲಿ ನೆಲ ಕಪ್ಪಾಗಿದ್ದು ಕಂಡಿತು. ಮುಟ್ಟಿ ನೋಡಿದರೆ ಆಯಿಲ್. ರಟ್ಟು ಹಾಸಿದೆ. ಮರುದಿನ ರಟ್ಟೂ ನೆನೆದಿತ್ತು.

ಹೋಗಲೇಬೇಕಾಯಿತು. ಬ್ಯಾರಿಯವರು ಕಾರಿನಡಿಗೆ ನುಗ್ಗಿ ನೋಡಿ, ಹೊರಗೆ ಬಂದು, ಕೈ ಒರೆಸುತ್ತಲೇ ನಿಂತರು. ‘ಆಯಿಲಿನ ತಪ್ಪಲ್ಲ ಅಕ್ಕ. ಎಂಜಿನ್ ಹಿಂದೆ ಆಯಿಲ್ ತಡೆಯುವ ರಬ್ಬರ್ ಸೀಲ್ ಹಳೇದು. ದಪ್ಪ ಆಯಿಲ್ ಇರುವಾಗ ಹೇಗೋ ತಡೆದಿತ್ತು. ಇದು ತೆಳು, ಸಂದಿಯಲ್ಲಿ ಇಳಿದದ್ದು. ನಾನು ಆವತ್ತೇ ನೋಡ್ಬೇಕಿತ್ತು. ಅಷ್ಟು ವರ್ಷ ಹಾಕಿ ಹಾಕಿ ಅಂತ ಹೇಳಿದವ ನಾನೇ.’

ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿತ್ತು. ನಾನು ಬೆಂಚಿನಲ್ಲಿ ಕೂತೆ. ಗಂಡ ಹೆದರಿದ ಹಾಗೆಯೇ ಆಯಿತು. ಸ್ಟ್ಯಾಂಡಿನ ಚಾಲಕರೊಬ್ಬರು ಬಂದು, ‘ಎಷ್ಟು ಒಳ್ಳೆ ಜನ’ ಎಂದರು. ಇನ್ನೊಬ್ಬರು ಕೊನೆಗೆ ನೋವು ತುಂಬಾ ಇತ್ತಾ ಎಂದು ಕೇಳಿದರು. ಮತ್ತೊಬ್ಬರು, ಬೇರೆ ಆಸ್ಪತ್ರೆಗೆ ತೋರಿಸಿದ್ದರೆ ಉಳಿಯುತ್ತಿದ್ದರು ಎಂದರು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಎಲ್ಲದಕ್ಕೂ ಹೌದು ಎಂದೆ.

ಎಲ್ಲರೂ ಹೋದ ಮೇಲೆ ಬ್ಯಾರಿಯವರು ಚಾ ತರಿಸಿದರು. ಆಗ ಹೇಳಿದೆ, ಗಂಡ ಆ ಆಯಿಲ್ ಯಾಕೆ ಹಾಕಿಸಿದ್ದು ಎಂದು. ಬ್ಯಾರಿಯವರು ಲೋಟ ಕೆಳಗಿಟ್ಟು ಗ್ಯಾರೇಜಿನ ಹಿಂದಕ್ಕೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಬಂದಾಗ ಕಣ್ಣು ಕೆಂಪಾಗಿತ್ತು.

‘ಇಳಿಸಿದ ಆಯಿಲ್ ಶುದ್ಧ ಡಬ್ಬಿಯಲ್ಲಿ ಹಿಡಿದಿಟ್ಟಿದ್ದೇನೆ ಅಕ್ಕ. ಕಪ್ಪು ಕಂಡ್ರೂ ಇನ್ನೂ ಆಯುಷ್ಯ ಉಂಟು ಅದಕ್ಕೆ. ವಾಪಸ್ ಅದನ್ನೇ ಹಾಕ್ತೇನೆ. ಸೋರಿ ಹೋದಷ್ಟು ಮಾತ್ರ ಹೊಸದು.’

ಹಾಗೇ ಮಾಡಿದರು. ವರ್ಷ ತುಂಬಿದಾಗ ಮತ್ತೆ ಹೋದೆ. ಹೆಚ್ಚು ಓಡಿರಲಿಲ್ಲ; ಆದರೂ ವರ್ಷವಾದ ಮೇಲೆ ಇಡಬಾರದು ಎಂದರು. ಬೋಲ್ಟು ಬಿಚ್ಚಿ ಎಲ್ಲ ಇಳಿಸಿದರು. ಗಂಡ ನನಗಾಗಿ ಹಾಕಿಸಿದ್ದು ಹಳೆಯ ತಗಡಿನ ಡಬ್ಬಿಗೆ ಬೀಳುವುದನ್ನು ನಿಂತು ನೋಡಿದೆ. ಮೊದಲು ದಾರದಂತೆ, ಆಮೇಲೆ ಹನಿಹನಿಯಾಗಿ.

ದುಬಾರಿ ಆಯಿಲ್ ಹಾಕಿದ್ದಕ್ಕೆ ಪ್ರಯೋಜನ ಆಯಿತಾ ಎಂದು ಸ್ಟ್ಯಾಂಡಿನವರು ಕೇಳುವುದುಂಟು. ದಿನಾ ಭಾರ ಹೊತ್ತು ಘಾಟಿ ಹತ್ತುವವರಿಗೆ ಆದೀತು, ಹಳೆಯ ಎಂಜಿನ್ ಆದರೆ ಮೊದಲು ಸೀಲ್ ನೋಡಿಸಿ, ನನ್ನ ಹಾಗೆ ಸುಳ್ಯಕ್ಕೆ ಹೋಗಿ ಬರುವವರಿಗೆ ಸಾದಾ ಸಾಕು ಎಂದು, ಬ್ಯಾರಿಯವರಿಂದ ಕೇಳಿದ್ದನ್ನೇ ಹೇಳುತ್ತೇನೆ. ಗಂಡ ಬಯಸಿದ್ದ ಕೆಲಸ ಆ ಆಯಿಲಿನಿಂದ ಆಗಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಆಯಿಲ್ ಬದಲಿಸಿದ ದಿನ ಗ್ಯಾರೇಜಿನಿಂದ ನೇರ ಮಗಳ ಮನೆಗೆ ಹೋದೆ. ಇಬ್ಬರೇ ಹಿಂದಿನ ಜಗಲಿಯಲ್ಲಿ ಕೂತಿದ್ದಾಗ, ಅಷ್ಟು ದಿನ ಅವಳಿಗೆ ಹೇಳದಿದ್ದ ಇದನ್ನೆಲ್ಲ ಹೇಳಿದೆ. ಅವಳು ಸಮಾಧಾನಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಡಿಸುತ್ತಿದ್ದ ಅಲಸಂಡೆಯನ್ನು ಹಾಗೇ ಬಿಟ್ಟು ನನ್ನ ಕಡೆ ತಿರುಗಿದಳು.

‘ನಿನ್ನ ಹತ್ರ ಅಷ್ಟು ಹೇಳಿದ್ರಾ ಅಮ್ಮ? ನನ್ನ ಹತ್ರ ಗುಣ ಆಗ್ತದೆ ಅಂತಲೇ ಹೇಳಿದ್ದು. ನಾನು ನಂಬಿ ಕೂತಿದ್ದೆ. ಒಂದು ಮಾತು ಹೇಳಿದ್ರೆ ಬಂದು ಇರ್ತಿದ್ದೆ ಅಲ್ವಾ?’

ಅವಳು ಬಿಟ್ಟ ಅಲಸಂಡೆಯನ್ನು ನಾನು ಬಿಡಿಸಿ ಮುಗಿಸಿದೆ. ಆ ದಿನ ಮನೆಗೆ ಹೊರಡಲಿಲ್ಲ. ರಾತ್ರಿ ಅವಳ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದೆ. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡೇ, ಅಪ್ಪ ಕೊನೆಕೊನೆಗೆ ಏನೇನು ತಿಂದರು, ಯಾವ ಬದಿಗೆ ಮಲಗುತ್ತಿದ್ದರು ಎಂದು ಕೇಳುತ್ತಾ ಹೋದಳು. ನಾನು ಒಂದೊಂದಾಗಿ ಹೇಳುತ್ತಾ ಹೋದೆ.