ಬೆನ್ನ ಹಿಂದಿನ ನೀರು

ಹುಡುಗಿ ನಮ್ಮ ಮನೆಗೆ ಬಂದದ್ದು ಹುಡುಗನ ಬಟ್ಟೆಯಲ್ಲಿ. ಅಡ್ಡಾದಿಡ್ಡಿ ಕತ್ತರಿಸಿದ ಕೂದಲು, ಮೊಣಕಾಲಲ್ಲಿ ಹರಿದ ಪ್ಯಾಂಟು, ಕಾಲಿಗಿಂತ ಬಹಳ ದೊಡ್ಡದಾದ ಬೂಟು. ಕೌನ್ಸಿಲ್ಲಿನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಅವಳನ್ನು ಕರೆತಂದ ಸೋಷಿಯಲ್ ವರ್ಕರ್ ಬಾಗಿಲಲ್ಲೇ ನಿಂತು, ಹದಿಮೂರು ವರ್ಷದವಳು, ಅಫ್ಘಾನಿಸ್ತಾನದವಳು, ಲಾರಿಯಲ್ಲಿ ಅಡಗಿ ಬಂದಿದ್ದಾಳೆ, ಒಂದೆರಡು ದಿನ ಇಟ್ಟುಕೊಳ್ಳಿ ಎಂದಳು. ಒಂದೆರಡು ದಿನ ಎಂದದ್ದು ವರ್ಷಗಳಾದವು. ಅವಳ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವಳ ಕಡೆಯವರು ಇನ್ನೂ ಇದ್ದಾರೆ.

ನಾವು ಗಂಡ ಹೆಂಡತಿ ಧಾರವಾಡದ ಕಡೆಯವರು, ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಮಗ ನೌಕರಿ ಹಿಡಿದು ಬೇರೆ ಊರಿಗೆ ಹೋದ ಮೇಲೆ ಅವನ ಕೋಣೆ ಖಾಲಿ ಬಿತ್ತು. ದಿಕ್ಕಿಲ್ಲದ ಮಕ್ಕಳನ್ನು ಕೌನ್ಸಿಲ್ ಪರವಾಗಿ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಕೆಲಸಕ್ಕೆ ಹೆಸರು ಕೊಡೋಣ ಎಂದವರು ನನ್ನ ಗಂಡ. ನಾನು ಬೇಡವೆಂದಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ತರಬೇತಿಯಲ್ಲಿ ಒಬ್ಬಾಕೆ, ನೊಂದ ಮಕ್ಕಳ ಮುಂದೆ ದನಿ ಏರಿಸಬಾರದು ಎಂದು ಹೇಳಿದಾಗ ಗಂಡ ನನ್ನ ಕಡೆ ನೋಡಿ ಕೆಮ್ಮಿದರು. ಆ ಕೆಮ್ಮಿಗೆ ಮನೆಗೆ ಬಂದ ಮೇಲೆ ತಕ್ಕ ಉತ್ತರ ಕೊಟ್ಟೆ.

ನಮ್ಮಿಬ್ಬರ ನಡುವೆ ಮೊದಲು ಆಸರೆಯಾದದ್ದು ಹಿಂದಿ. ಅವಳು ಟೀವಿ ಧಾರಾವಾಹಿ ನೋಡಿ ಕಲಿತವಳು, ಸೀರಿಯಲ್ಲಿನ ಅತ್ತೆಯ ಹಾಗೆ ಸ್ವಚ್ಛವಾಗಿ ಮಾತಾಡುತ್ತಿದ್ದಳು. ನನ್ನದು ಧಾರವಾಡದ ಪೇಟೆ ಹಿಂದಿ, ಅದರಲ್ಲಿ ಗಂಡು ಹೆಣ್ಣು ಎಲ್ಲ ಒಂದೇ. ಅವಳು ನಮ್ಮ ಮನೆಯಲ್ಲಿ ಮೊದಲ ಸಲ ನಕ್ಕದ್ದು ನನ್ನ ಹಿಂದಿ ಕೇಳಿ. ನನ್ನನ್ನು ಖಾಲಾ ಎಂದು ಕರೆದಳು, ತಾಯಿಯ ತಂಗಿ ಎಂದು ಅರ್ಥ. ಗಂಡನನ್ನು ಕಾಕಾ ಎಂದಳು. ನಮ್ಮಲ್ಲೂ ಅಪ್ಪನ ತಮ್ಮ ಕಾಕಾ, ಅವರಲ್ಲೂ ಕಾಕಾ ಎಂದು ತಿಳಿದು ಇವರು ದಿನವಿಡೀ ಹಿಗ್ಗಿಕೊಂಡು ತಿರುಗಿದರು. ಬರುಬರುತ್ತಾ ಕನ್ನಡವೂ ಅವಳ ಕಿವಿಗೆ ಬಿತ್ತು, ಬಾಯಿಗೂ ಬಂತು. ನಾನು ಹೆತ್ತ ಮಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಇವಳು ಒಂದು ವರ್ಷ ತುಂಬುವುದರೊಳಗೆ "ಹೌದ್ರಿ ಖಾಲಾ" ಎನ್ನತೊಡಗಿದ್ದಳು.

ಮೊದಲ ದಿನಗಳಲ್ಲಿ ಮಾತ್ರ ಅವಳು ನಮ್ಮ ಮನೆಯ ಸದ್ದುಗಳಿಗೆಲ್ಲ ಹೆದರುತ್ತಿದ್ದಳು. ನಾನು ಒಂದು ಮುಂಜಾನೆ ಜೋಳದ ರೊಟ್ಟಿ ಬಡಿಯಲು ಕುಳಿತಾಗ ಹುಡುಗಿ ಕಾಣೆಯಾದಳು. ಹುಡುಕಿದರೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ವ್ಯಾಕ್ಯೂಮ್ ಕ್ಲೀನರಿನ ಹಿಂದೆ ಮುದುಡಿ ಕೂತಿದ್ದಳು. ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ತಿಳಿದಿದ್ದಳು. ಕೈಹಿಡಿದು ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಯಿಂದಲೇ ಒಂದು ರೊಟ್ಟಿ ತಟ್ಟಿಸಿದೆ. ಹರಿದು ಹೋಯಿತು. ಆ ಹರಿದ ರೊಟ್ಟಿಯನ್ನು ಕಾಕಾ ಹೊಗಳಿ ಹೊಗಳಿ ತಿಂದರು.

ಆಮೇಲೆ ಡಬ್ಬಿಯಲ್ಲಿಟ್ಟ ಕಡಕ್ ರೊಟ್ಟಿ ಕಡಿಮೆಯಾಗತೊಡಗಿತು. ಇವರು ಇಲಿ ಎಂದರು. ಹಾಸಿಗೆಯ ಹೊದಿಕೆ ಬದಲಿಸುವಾಗ ನೋಡಿದರೆ ರೊಟ್ಟಿಗಳೆಲ್ಲ ಅವಳ ದಿಂಬಿನ ಚೀಲದಲ್ಲಿದ್ದವು. ತಿಂಗಳಾದರೂ ಕೆಡದ ರೊಟ್ಟಿ, ದಾರಿಗೆ ಬೇಕಾದ ರೊಟ್ಟಿ ಎಂಬುದನ್ನು ಅವಳು ಯಾರೂ ಹೇಳದೆ ತಿಳಿದುಕೊಂಡಿದ್ದಳು. ನಾನು ಬೈಯಲಿಲ್ಲ. ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ತುಂಬಾ ರೊಟ್ಟಿ ಹಾಕಿ ಅವಳ ಮಂಚದ ಕೆಳಗಿಟ್ಟು ಬಂದೆ. ಹೊರಗೆ ಬಂದು ಅತ್ತೆ.

ಅವಳ ಕಥೆಯನ್ನು ನಾನಾಗಿ ಎಂದೂ ಕೇಳಲಿಲ್ಲ. ಕೇಳುವವರು ಸಾಕಷ್ಟು ಜನ ಇದ್ದರು. ಸೋಷಿಯಲ್ ವರ್ಕರ್ ಕೇಳಿದಳು, ವಕೀಲರು ಕೇಳಿದರು, ಸರಕಾರದವರು ಕೇಳಿದರು, ಪ್ರತಿ ಸಲವೂ ಮೊದಲಿನಿಂದ. ಹುಣ್ಣು ಮಾಯಿತೇ ಎಂದು ನೋಡಲು ದಿನಾ ಹಕ್ಕಳೆ ಕಿತ್ತರೆ ಅದು ಮಾಯುವುದು ಯಾವಾಗ? ನನಗೆ ಮಾತ್ರ ಅವಳು ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ, ಚೂರುಚೂರಾಗಿ ಹೇಳಿದಳು. ಅಪ್ಪನನ್ನು ಹೊಸದಾಗಿ ಅಧಿಕಾರ ಹಿಡಿದವರು ಕರೆದೊಯ್ದರು, ಅಪ್ಪ ಮರಳಲಿಲ್ಲ. ದೊಡ್ಡ ಹುಡುಗಿಯರ ಶಾಲೆಗಳನ್ನು ಮುಚ್ಚಿದರು. ಒಬ್ಬ ಟೀಚರು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೇಳಿಕೊಂಡು ಗಣಿತ, ಇಂಗ್ಲಿಷು ಕಲಿಸುತ್ತಿದ್ದರು. ಹುಡುಗಿಯರ ಮಡಿಲಲ್ಲಿ ಅರ್ಧ ಹೊಲಿದ ಬಟ್ಟೆ, ಅದರ ಕೆಳಗೆ ಪುಸ್ತಕ. ಒಂದು ದಿನ ಬಂದೂಕಿನವರು ಒಳಗೆ ಬಂದರು. ಹೊಲಿಗೆಯಲ್ಲವೇ, ಹೊಲಿದು ತೋರಿಸಿ ಎಂದರು. ಒಬ್ಬ ಹುಡುಗಿಗೆ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಟೀಚರನ್ನು ಎಳೆದುಕೊಂಡು ಹೋದರು.

ಆ ಹುಡುಗಿ ತಾನೇ ಎಂದು ಅವಳು ಹೇಳಿದ್ದು ಎಷ್ಟೋ ತಿಂಗಳ ಮೇಲೆ. ನನ್ನ ಹೊಲಿಗೆ ಡಬ್ಬಿಯಲ್ಲಿ ಎಲ್ಲ ಸೂಜಿಗಳಿಗೂ ಅವಳು ದಾರ ಪೋಣಿಸಿ ಇಟ್ಟಿರುವುದು ಯಾಕೆಂದು ಅಂದು ತಿಳಿಯಿತು. ನಿನ್ನ ತಪ್ಪಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ಒಪ್ಪಿ ಆಡಿಸಿದ ತಲೆಯಲ್ಲ ಅದು.

ಟೀಚರನ್ನು ಹಿಡಿದ ಮೇಲೆ ಅವಳ ತಾಯಿ ತಡಮಾಡಲಿಲ್ಲ. ಮಗಳ ಜಡೆ ಕತ್ತರಿಸಿ, ಹುಡುಗನ ಬಟ್ಟೆ ತೊಡಿಸಿ, ತನ್ನ ತಮ್ಮನ ಜೊತೆ ಕಳಿಸಿಬಿಟ್ಟಳು. ಯಾವುದೋ ಗಡಿಯ ಹೊಳೆಯ ಹತ್ತಿರ ಕಾವಲಿನವರು ನಾಯಿ ಬಿಟ್ಟಾಗ ಸೋದರಮಾವ, ಓಡು, ತಿರುಗಿ ನೋಡಬೇಡ ಎಂದರಂತೆ. ಅವಳು ಓಡಿದಳು, ತಿರುಗಿ ನೋಡಲಿಲ್ಲ. ಮಾವನ ಸುದ್ದಿ ಈವರೆಗೂ ಇಲ್ಲ. ಅಲ್ಲಿಂದ ಮುಂದೆ ಅಪರಿಚಿತರ ಹಿಂಡಿನಲ್ಲಿ ಹುಡುಗನಾಗಿಯೇ ಬಂದಳು. ಇಷ್ಟೆಲ್ಲ ಹೇಳಿದವಳು ಮನೆ ಬಿಟ್ಟ ಆ ಮುಂಜಾನೆಯ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಅವಳಿಗಿದ್ದ ಆಸೆ ಒಂದೇ, ತಾಯಿಯನ್ನು ಮತ್ತೆ ನೋಡಬೇಕು. ಆ ತಾಯಿ ಅಲ್ಲಿ ಒಬ್ಬಳೇ ಇದ್ದಳು. ಹುಡುಗಿ ಅತ್ತೆ ಎಂದು ಕರೆಯುವ ಪಕ್ಕದ ಓಣಿಯ ಹೆಂಗಸೊಬ್ಬರ ಮೊಬೈಲಿನಿಂದ ಅಪರೂಪಕ್ಕೆ ಮಾತಾಡುತ್ತಿದ್ದಳು. ನಾನೂ ಒಂದೆರಡು ಸಲ ಆ ದನಿ ಕೇಳಿದೆ. ನನ್ನ ಮಗಳು ಊಟ ಸರಿಯಾಗಿ ಮಾಡುತ್ತಾಳೆಯೇ ಎಂದು ಕೇಳುತ್ತಿದ್ದಳು, ಹುಡುಗಿ ಅದನ್ನು ನನಗೆ ಹೇಳುವಾಗ ನಾಚುತ್ತಿದ್ದಳು. ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳಲು ಆಗುವುದಿಲ್ಲವೇ ಎಂದು ವಕೀಲರನ್ನು ಕೇಳಿದಾಗ, ಆಶ್ರಯ ಪಡೆದ ದೊಡ್ಡವರು ಮಕ್ಕಳನ್ನು ಕರೆಸಿಕೊಳ್ಳಬಹುದು, ಮಕ್ಕಳು ತಂದೆತಾಯಿಯನ್ನು ಕರೆಸಿಕೊಳ್ಳಲು ನಿಯಮವಿಲ್ಲ ಎಂದರು. ಈ ನಿಯಮ ಬರೆದವರನ್ನು ತಾಯಿ ಹೆತ್ತಿಲ್ಲವೇ ಎಂದು ನಾನು ಆಫೀಸಿನಲ್ಲೇ ಕೂಗಾಡಿದೆ. ವಕೀಲರು ಪಾಪ ನೀರು ತಂದುಕೊಟ್ಟರು. ಟ್ಯೂಬ್ ರೈಲಿನಲ್ಲಿ ಮರಳುವಾಗ ಹುಡುಗಿ ನನ್ನ ತೋಳು ಹಿಡಿದು, "ಬಿಡ್ರಿ ಖಾಲಾ, ದೊಡ್ಡಾಕಿ ಆದ ಮ್ಯಾಲೆ ನಾನ ಹೋಗಿ ಕರ್ಕೊಂಡ ಬರ್ತೇನಿ" ಎಂದಳು.

ಆ ವರ್ಷದ ಚಳಿಗಾಲದಲ್ಲಿ ನನ್ನ ಗಂಡ ತಂಗಿಯ ಮಗನ ಮದುವೆಗೆಂದು ಧಾರವಾಡಕ್ಕೆ ಹೊರಟರು. ಟ್ಯಾಕ್ಸಿ ಬಂತು, ಇವರು ಬ್ಯಾಗು ಹಿಡಿದು ಗೇಟು ದಾಟಿದರು. ಅಷ್ಟರಲ್ಲಿ ಹುಡುಗಿ ಅಡುಗೆಮನೆಯಿಂದ ತಂಬಿಗೆ ತುಂಬಾ ನೀರು ಹಿಡಿದು ಓಡಿಬಂದು ಅವರ ಬೆನ್ನ ಹಿಂದೆ ದಾರಿಗೆ ಚೆಲ್ಲಿಬಿಟ್ಟಳು. ನಮ್ಮಲ್ಲಿ ಮನೆಯಿಂದ ಯಾರಾದರೂ ಊರಿಗೆ ಹೊರಟರೆ ಅವರು ಮುಟ್ಟುವವರೆಗೆ ಕಸ ಕೂಡ ಗುಡಿಸುವುದಿಲ್ಲ, ನೀರು ಹಾಕಿ ತೊಳೆಯುವ ಮಾತಂತೂ ದೂರ.

"ಏ ಹುಡುಗಿ, ತಲಿ ಕೆಟ್ಟೈತೇನ? ಹೆಣ ಎತ್ತಿದ ಮ್ಯಾಲೆ ನೀರ ಹಾಕ್ತಾರ! ಬದುಕಿದ್ದ ಮನಷ್ಯಾನ ಹಿಂದ ಯಾರರೆ ಹಾಕ್ತಾರೇನ?" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

ಅವಳು ಖಾಲಿ ತಂಬಿಗೆ ಹಿಡಿದು ಬೆಪ್ಪಾಗಿ ನಿಂತಳು. ಟ್ಯಾಕ್ಸಿಯಿಂದ ಇವರು ತಲೆ ಹೊರಗೆ ಹಾಕಿ, "ಹೋಗ್ಲಿ ಬಿಡ, ಸಣ್ಣ ಹುಡುಗಿ" ಎಂದರು. ಇವರು ಹೋಗಿ ಸುಖವಾಗಿ ಮರಳಿ ಬಂದರು, ಮದುವೆಯ ಉಂಡಿಯನ್ನೂ ತಂದರು. ಹುಡುಗಿ ಮತ್ತೆ ತಂಬಿಗೆ ಮುಟ್ಟಲಿಲ್ಲ. ಯಾಕೆ ಚೆಲ್ಲಿದೆ ಎಂದು ನಾನೂ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ಇಲ್ಲಿ ಇರಲು ಅನುಮತಿ ಸಿಕ್ಕಿತು. ಆ ಸಂತೋಷಕ್ಕೆ ನಾನು ಅವಳ ಉಡಿ ತುಂಬಬೇಕೆಂದುಕೊಂಡೆ. ನಮ್ಮ ಕಡೆ ಮನೆಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಹರಸದಿದ್ದರೆ ಯಾವ ಸಂತೋಷವೂ ಪೂರ್ತಿಯಾಗುವುದಿಲ್ಲ. ನನಗೆ ಹೆಣ್ಣುಮಕ್ಕಳಿಲ್ಲ, ಆ ಆಸೆ ಹಾಗೇ ಉಳಿದಿತ್ತು. ಹೈ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ರವಿಕೆಗೆ ಹಸಿರು ಖಣ ಕೊಂಡೆ. ಉತ್ತತ್ತಿ, ಒಣಕೊಬ್ಬರಿ, ಅರಿಶಿಣದ ಕೊಂಬು, ಬೆಲ್ಲ ಎಲ್ಲ ಆ ಬೀದಿಯಲ್ಲೇ ಸಿಗುತ್ತದೆ. ಶುಕ್ರವಾರ ಮುಂಜಾನೆ ಅವಳಿಗೆ ಏನೂ ಹೇಳದೆ ಮಣೆಯ ಮೇಲೆ ಕೂರಿಸಿದೆ. ಅವಳ ಧರ್ಮ ಬೇರೆಯೆಂದು ಕುಂಕುಮ ಮಾತ್ರ ಹಚ್ಚಲಿಲ್ಲ, ಅಷ್ಟು ಜಾಣತನ ನನಗಿತ್ತು. ದುಪಟ್ಟಾ ಚಾಚಲು ಹೇಳಿ ಐದು ಹಿಡಿ ಅಕ್ಕಿ ಹಾಕಿದೆ, ಕೊಬ್ಬರಿ ಇಟ್ಟೆ, ಉತ್ತತ್ತಿ ಇಟ್ಟೆ, ದುಪಟ್ಟಾದ ತುದಿಗಳನ್ನು ಸೇರಿಸಿ ಅವಳ ಸೊಂಟಕ್ಕೆ ಗಂಟು ಹಾಕಿದೆ. ಕಾಕಾ ಫೋಟೋ ತೆಗೆಯಲು ಮೊಬೈಲು ಹಿಡಿದು ನಿಂತಿದ್ದರು.

ಹುಡುಗಿ ಒಂದು ಕಾಳೂ ಚೆಲ್ಲದಂತೆ ಗಂಟನ್ನು ಹಿಡಿದುಕೊಂಡು ಎದ್ದಳು, ಮೇಲೆ ಹೋದಳು. ನಾಚಿಕೊಂಡಳು ಎಂದು ನಾವಿಬ್ಬರೂ ನಕ್ಕೆವು. ಇಳಿದು ಬಂದಾಗ ಕೋಟು ಹಾಕಿಕೊಂಡಿದ್ದಳು, ಬೂಟು ಕಟ್ಟಿಕೊಂಡಿದ್ದಳು, ಕಂಕುಳಲ್ಲಿ ರೊಟ್ಟಿಯ ಡಬ್ಬಿ ಇತ್ತು. ಬಾಗಿಲ ಹತ್ತಿರ ಹೋಗಿ ನಿಂತು ನನ್ನ ಕಡೆ ನೋಡದೆ ಕೇಳಿದಳು:

"ನಾ ಯಾರ ಜೋಡಿ ಹೋಗಬೇಕ್ರಿ ಖಾಲಾ?"

ಕಾಕಾ ಮೊಬೈಲು ಕೆಳಗಿಟ್ಟು, ಮೆಲ್ಲಗೆ, "ಎಲ್ಲೀಗೂ ಇಲ್ಲವಾ, ಎಲ್ಲೀಗೂ ಇಲ್ಲ. ಇದು ನಿನ್ನ ಮನಿ" ಎಂದರು. ಆಗ ಅವಳು ಬಾಗಿಲ ಬಳಿಯೇ ಕುಸಿದು ಕೂತಳು. ಅಂದು ಆ ಮುಂಜಾನೆಯ ಮಾತು ಹೊರಗೆ ಬಂತು. ತಾಯಿ ಹೀಗೆಯೇ ಅವಳನ್ನು ಕೂರಿಸಿ, ಮಡಿಲಿಗೆ ಒಣ ರೊಟ್ಟಿ, ಒಣಗಿಸಿದ ಹಿಪ್ಪುನೇರಳೆ ಹಣ್ಣು, ಅಕ್ರೋಟು ತುಂಬಿ, ಸೊಂಟಕ್ಕೆ ಬಿಗಿದು ಕಟ್ಟಿದಳಂತೆ. ದಾರಿಯಲ್ಲಿ ಚೆಲ್ಲಬೇಡ ಎಂದಳಂತೆ. ಅಷ್ಟೇ ಮಾತು.

"ನಮ್ಮಲ್ಲಿ ಯಾರರೆ ಊರಿಗೆ ಹೊಂಟ್ರ ಹಿಂದ ನೀರ ಚೆಲ್ಲತಾರ್ರಿ. ಚೆಲ್ಲಿದ್ರ ಹೋದಾವ್ರು ಹೊಳ್ಳಿ ಬರ್ತಾರ. ಅವ್ವ ನನಗ ಚೆಲ್ಲಲಿಲ್ಲ. ಓಣ್ಯಾಗಿನವ್ರು ನೋಡಿದ್ರ ಯಾರೋ ಹೊಂಟಾರ ಅಂತ ಗೊತ್ತಾಗ್ತಿತ್ತು. ತಂಬಗಿ ತುಂಬಿ ಬಾಗಲ ಒಳಗ ಹಿಡಕೊಂಡು ನಿಂತಿದ್ಲು," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಕಾಕಾ ಹೊಳ್ಳಿ ಬರಲಿ ಅಂತ ನಾ ಚೆಲ್ಲಿದ್ದೆ," ಎಂದಳು.

ನಾನು ಅವಳ ಸೊಂಟದ ಗಂಟು ಬಿಚ್ಚಿದೆ. ಅಕ್ಕಿಯೆಲ್ಲ ಹಜಾರದ ಕಾರ್ಪೆಟ್ಟಿನ ಮೇಲೆ ಚೆಲ್ಲಿತು. ಅದರ ನಡುವೆಯೇ ಅವಳನ್ನು ತಬ್ಬಿಕೊಂಡು ಕೂತೆ. ಎಷ್ಟೋ ದಿನದವರೆಗೂ ವ್ಯಾಕ್ಯೂಮ್ ಹಾಕಿದಾಗೆಲ್ಲ ಅಕ್ಕಿಕಾಳು ಚಟಪಟ ಸದ್ದು ಮಾಡುತ್ತಿದ್ದವು.

ಆಮೇಲಿನ ದಿನಗಳು ಒಳ್ಳೆಯವೇ. ಕೂದಲು ಬೆಳೆಯಿತು, ನಾನು ಎಣ್ಣೆ ಹಚ್ಚಿ ಎರಡು ಜಡೆ ಹಾಕಿದೆ. ಶಾಲೆಯಲ್ಲಿ ಗಣಿತಕ್ಕೆ ಮುಂದೆ ಬಂದಳು. ನಮ್ಮದು ಶಾಕಾಹಾರಿ ಮನೆ, ಹೀಗಾಗಿ ಅವಳಿಗೆ ಕಬಾಬು ತಿನ್ನುವ ಆಸೆಯಾದಾಗ ಕಾಕಾ ಅಂಗಡಿಯಿಂದ ತಂದುಕೊಡುತ್ತಿದ್ದರು, ಅವಳು ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಮಳೆ ಬಂದರೆ ಕೊಡೆ ಹಿಡಿದುಕೊಂಡು ತಿನ್ನುತ್ತಿದ್ದಳು. ನಾನು ಕಿಟಕಿಯಿಂದ ಗೊಣಗುತ್ತಿದ್ದೆ. ಮಂಚದ ಕೆಳಗಿನ ಡಬ್ಬಿ ಮಾತ್ರ ಅಲ್ಲೇ ಇತ್ತು.

ಕಳೆದ ಮಾರ್ಚಿನ ಒಂದು ಶನಿವಾರ, ನಾವು ರೊಟ್ಟಿ ಮಾಡುತ್ತಿದ್ದಾಗ ಅವಳ ಮೊಬೈಲು ರಿಂಗಾಯಿತು. ಆ ಓಣಿಯ ಅತ್ತೆ. ಹುಡುಗಿ ಹಿಟ್ಟಿನ ಕೈಯಲ್ಲೇ ಮೊಬೈಲು ಕಿವಿಗಿಟ್ಟುಕೊಂಡಳು. ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ನಾನು ಒಲೆ ಆರಿಸಿದೆ.

ತಾಯಿಗೆ ಜ್ವರ ಬಂದಿತ್ತಂತೆ, ಉಸಿರು ಕಟ್ಟುತ್ತಿತ್ತಂತೆ. ಆಸ್ಪತ್ರೆಗೆ ಒಯ್ಯಲು ಅತ್ತೆ ಗಾಡಿ ನಿಲ್ಲಿಸಿದರೂ ಗಂಡಸಿನ ಜೊತೆಯಿಲ್ಲದ ಹೆಂಗಸರನ್ನು ಹತ್ತಿಸಿಕೊಳ್ಳಲು ಗಾಡಿಯವರು ಅಧಿಕಾರ ಹಿಡಿದವರಿಗೆ ಹೆದರಿದರಂತೆ. ಮನೆಯಲ್ಲಿ ಗಂಡಸರು ಯಾರಿದ್ದರು? ಒಬ್ಬರನ್ನು ಅವರೇ ಕರೆದೊಯ್ದಿದ್ದರು, ಇನ್ನೊಬ್ಬರು ಹೊಳೆಯ ದಂಡೆಯಲ್ಲಿ ಕಳೆದುಹೋಗಿದ್ದರು. ದೂರದ ನೆಂಟನೊಬ್ಬ ಬಂದು ಸೇರುವುದರೊಳಗೆ ಮುಗಿದಿತ್ತು. ಜ್ವರದಿಂದ ಸತ್ತಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವಳನ್ನು ಕೊಂದರು.

ಹುಡುಗಿ ಅಳಲಿಲ್ಲ. ಕೈ ತೊಳೆದುಕೊಂಡಳು. ಗೂಡಿನಲ್ಲಿದ್ದ ತಂಬಿಗೆ ತೆಗೆದು ನಲ್ಲಿಗೆ ಹಿಡಿದಳು, ತುಂಬಿ ತುಳುಕುವವರೆಗೂ ಬಿಟ್ಟಳು. ಹಜಾರ ದಾಟಿ ಮುಂಬಾಗಿಲು ತೆರೆದಳು. ನಾನು ಹಿಂದೆಯೇ ಹೋದೆ, ತಡೆಯಬೇಕೋ ಬಿಡಬೇಕೋ ತಿಳಿಯದೆ. ಹೊಸ್ತಿಲ ಮೇಲೆ ನಿಂತು ಅವಳು ನನ್ನ ಕಡೆ ತಿರುಗಿದಳು.

"ಸತ್ತಾವ್ರ ಹಿಂದ ಹಾಕ್ತಾರ ಅಂದಿದ್ರಲ್ರಿ ಖಾಲಾ. ಈಗ ಹಾಕಬೌದಲ್ರಿ?"

"ಹಾಕವಾ," ಎಂದೆ.

ಅವಳು ಮೆಲ್ಲಗೆ, ಒಂದೇ ಧಾರೆಯಾಗಿ, ತಂಬಿಗೆ ಬರಿದಾಗುವವರೆಗೂ ಸುರಿದಳು. ನೀರು ಗೇಟಿನ ಕೆಳಗೆ ಹರಿದು ರಸ್ತೆಗೆ ಇಳಿಯಿತು. ಅದು ನಿಂತ ಮೇಲೂ ಅವಳು ಬಾಗಿಲು ಹಾಕಲು ಬಿಡಲಿಲ್ಲ, ದಾರಿಯನ್ನೇ ನೋಡುತ್ತಾ ನಿಂತಿದ್ದಳು.